ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವ ನಲಿ-ಕಲಿ ಮೂರನೇ ತರಗತಿಗೆ ಮುಗಿಯುತ್ತದೆ. ನಾಲ್ಕು-ಐದರಲ್ಲಿ ಒಂದೇ ಪಾಠವನ್ನು ಎಲ್ಲರಿಗೂ ಹೇಗೆ ಮುಟ್ಟಿಸುತ್ತೀರಿ?

ಮದ್ದೂರು ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಮದ್ದೂರು ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿದ್ದೇನೆ. ಒಂದರಿಂದ ಮೂರು ನಮ್ಮ ಮೇಡಂ ಹತ್ತಿರ, ನಾಲ್ಕು-ಐದು ನನ್ನ ಹತ್ತಿರ. ಒಂದೇ ಕೋಣೆ, ಒಂದೇ ಕಪ್ಪುಹಲಗೆ, ಎರಡು ತರಗತಿ.

ಜೂನ್‌ನಲ್ಲಿ ಹಿಂದಿನ ವರ್ಷದ ಕಲಿಕೆ ನೋಡಿ ಸರಿಪಡಿಸುವ ಸೇತುಬಂಧ ಮಾಡುವಾಗಲೇ ಎಲ್ಲ ಗೊತ್ತಾಗಿಬಿಡುತ್ತದೆ. ಐದನೇ ತರಗತಿಯ ಒಬ್ಬಳು ಹುಡುಗಿ ದಿನಪತ್ರಿಕೆಯನ್ನು ಸರಾಗವಾಗಿ ಓದುತ್ತಾಳೆ. ಅವಳ ಪಕ್ಕದಲ್ಲೇ ಕೂರುವ ಹುಡುಗ ಒತ್ತಕ್ಷರ ಬಂದ ಕೂಡಲೇ ನಿಲ್ಲುತ್ತಾನೆ. 'ಎಮ್ಮೆ' ಅಂತ ಬರೆದರೆ 'ಎ... ಮೆ' ಅಂತ ಓದಿ ನನ್ನ ಮುಖ ನೋಡುತ್ತಾನೆ. ಅದೇ ಹುಡುಗ ಬೆಳಿಗ್ಗೆ ಅಪ್ಪನ ಜೊತೆ ಡೈರಿಗೆ ಹಾಲು ಹಾಕಿ ಬಂದಿರುತ್ತಾನೆ. ಎಷ್ಟು ಲೀಟರ್, ಫ್ಯಾಟ್ ಎಷ್ಟು ಬಂತು, ಬಟವಾಡೆಗೆ ಎಷ್ಟು ದುಡ್ಡು ಆಗಬಹುದು ಅಂತ ಬಾಯಲ್ಲೇ ಲೆಕ್ಕ ಹೇಳುತ್ತಾನೆ. ನಾಲ್ಕನೇ ತರಗತಿಯಲ್ಲಿ ಆಲೆಮನೆ ಕೆಲಸಕ್ಕೆ ಉತ್ತರ ಪ್ರದೇಶದಿಂದ ಬಂದ ಕುಟುಂಬದ ಇಬ್ಬರು ಮಕ್ಕಳಿದ್ದಾರೆ. ಕೂಡುವುದು ಕಳೆಯುವುದು ಚೆನ್ನಾಗಿ ಬರುತ್ತದೆ. ಕನ್ನಡ ಈಗಷ್ಟೇ ಕಿವಿಗೆ ಬೀಳುತ್ತಿದೆ.

ಮೂರನೇ ತರಗತಿವರೆಗೆ ನಲಿ-ಕಲಿ ಇರುತ್ತದೆ. ಕಲಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಏಣಿಯಲ್ಲಿ ಪ್ರತಿ ಮಗುವೂ ತನ್ನ ಮೆಟ್ಟಿಲಲ್ಲಿ ತಾನಿರುತ್ತದೆ. ನಾಲ್ಕಕ್ಕೆ ಬಂದ ದಿನ ಎಲ್ಲರ ಕೈಗೂ ಒಂದೇ ಪಠ್ಯಪುಸ್ತಕ ಬರುತ್ತದೆ, ಎಲ್ಲರೂ ಒಂದೇ ಪುಟ ತೆಗೆಯಬೇಕು. ಏಣಿ ಅಲ್ಲಿಗೆ ಮುಗಿಯಿತು. ನಾಲೆಯ ಕೊನೆಯ ಗದ್ದೆಯವರಿಗೆ ನೀರು ತಲುಪದ ಹಾಗೆ, ಹಿಂದೆ ಉಳಿದ ಮಗುವಿಗೆ ಅಲ್ಲಿಂದಾಚೆ ಪಾಠ ತಲುಪುವುದೇ ಇಲ್ಲ. ನನಗೆ ರಾತ್ರಿ ನಿದ್ದೆ ಕೆಡಿಸುವುದು ಇದೇ.

ನನ್ನ ಪ್ರಶ್ನೆ ಇಷ್ಟೇ. ನಲವತ್ತು ನಿಮಿಷದ ಒಂದು ಪೀರಿಯಡ್‌ನಲ್ಲಿ ನೀವು ಏನೇನು ಮಾಡುತ್ತೀರಿ? ಯಾರನ್ನು ಎಲ್ಲಿ ಕೂರಿಸುತ್ತೀರಿ? ಒಂದು ಗುಂಪಿನ ಜೊತೆ ನೀವು ಕೂತಾಗ ಉಳಿದವರ ಕೈಗೆ ಏನು ಕೊಡುತ್ತೀರಿ? ತರಬೇತಿಯಲ್ಲಿ ಹೇಳಿದ್ದು ನನಗೂ ಗೊತ್ತು. ನಿಮ್ಮ ಕೋಣೆಯಲ್ಲಿ ನಡೆದದ್ದನ್ನು ಬರೆಯಿರಿ.

ಕೋಟೆ ಕಡೆಯ ನಿವೃತ್ತ ಶಿಕ್ಷಕ

ಮೇಷ್ಟ್ರೇ, ಈ ವಿಷಯ ಬಂದರೆ ನನಗೆ ಸುಮ್ನೆ ಕೂರಲು ಆಗುವುದಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನಲಿ-ಕಲಿ ಶುರುವಾದದ್ದೇ ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, 1995ರಲ್ಲಿ, ಯುನಿಸೆಫ್ ನೆರವಿನಿಂದ. ಆಂಧ್ರದ ಮದನಪಲ್ಲಿ ಹತ್ತಿರ ರಿಷಿ ವ್ಯಾಲಿಯವರು ಹಳ್ಳಿ ಶಾಲೆಗಳಿಗಾಗಿ ಕಲಿಕಾ ಕಾರ್ಡು ಮಾಡಿದ್ದರು. ಇಲ್ಲಿನ ಮೇಷ್ಟ್ರುಗಳು ಹೋಗಿ ನೋಡಿ ಬಂದರು. ಆಮೇಲೆ ನಮ್ಮ ಮಕ್ಕಳಿಗೆ ಹೊಂದುವ ಹಾಗೆ ತಾವೇ ಕೂತು ಕಾರ್ಡು ಬರೆದರು. ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳಿಗೂ ಅದು ಬಂದದ್ದು 2009-10ರಲ್ಲಿ.

ಕೋಟೆಯಲ್ಲೇ ಅದು ಯಾಕೆ ಬೇರು ಬಿಟ್ಟಿತು ಅನ್ನುವುದು ಮುಖ್ಯ. ನಮ್ಮಲ್ಲಿ ಹಾಡಿ, ಅಂದರೆ ಆದಿವಾಸಿ ವಸತಿಗಳ ಮಕ್ಕಳು ಜಾಸ್ತಿ. ಜೇನು ಕುರುಬರ, ಬೆಟ್ಟ ಕುರುಬರ ಮಕ್ಕಳು. ಕೊಡಗಿನಲ್ಲಿ ಕಾಫಿ ಕುಯ್ಲು ಶುರುವಾದರೆ ಅಪ್ಪ ಅಮ್ಮನ ಜೊತೆ ಮಕ್ಕಳೂ ಹೊರಟುಬಿಡುತ್ತಿದ್ದರು. ಎಷ್ಟೋ ವಾರ ಬಿಟ್ಟು ವಾಪಸ್ ಬಂದಾಗ ಪಾಠ ಎಲ್ಲೋ ಮುಂದೆ ಹೋಗಿರುತ್ತಿತ್ತು. ಹಿಂದಿನ ಸಾಲಿನಲ್ಲಿ ಕೂತು ಒಂದೆರಡು ದಿನ ನೋಡಿ, ಆಮೇಲೆ ಬರುವುದನ್ನೇ ಬಿಡುತ್ತಿದ್ದರು. ಏಣಿ ಬಂದ ಮೇಲೆ ಈ ತೊಂದರೆ ಕಡಿಮೆಯಾಯಿತು. ಮಗು ಬಂದ ಕೂಡಲೇ ಪ್ರತಿ ಮಗುವಿನ ಮೆಟ್ಟಿಲು ಗುರುತಿಸಿಡುವ ಪ್ರಗತಿ ನೋಟ ತೆಗೆದರೆ ಎಲ್ಲಿ ನಿಲ್ಲಿಸಿತ್ತು ಅಂತ ಗೊತ್ತಾಗುತ್ತದೆ. ಬಿಟ್ಟ ಮೆಟ್ಟಿಲಿಂದಲೇ ಮುಂದುವರಿ, ಅಷ್ಟೇ. ಯಾಕೆ ಬರಲಿಲ್ಲ ಅಂತ ನಿಲ್ಲಿಸಿ ಕೇಳುವ ಅಗತ್ಯವೇ ಇಲ್ಲ.

ಅಕ್ಷರದ ಕ್ರಮವೂ ಹಾಗೇ. ಅ ಆ ಇ ಈ ಅಂತ ಶುರು ಮಾಡುವುದಿಲ್ಲ. ರ, ಗ, ಸ, ದ, ಅ. ಈ ಐದು ಅಕ್ಷರ ಕಲಿತ ಕೂಡಲೇ ಮಗು ಅರಸ, ಅಗಸ, ಗರಗಸ ಅಂತ ಪೂರ್ತಿ ಪದ ಓದಿಬಿಡುತ್ತದೆ. ತಾನು ಓದಿದೆ ಅನ್ನುವ ಖುಷಿ ಮೊದಲ ತಿಂಗಳಲ್ಲೇ ಸಿಗುತ್ತದೆ. ಹಿಂದುಳಿದ ಮಗುವಿಗೆ ಆ ಖುಷಿ ಮೊದಲು ಬೇಕು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಲಿ-ಕಲಿಯಲ್ಲಿ ಮಕ್ಕಳು ಗುಂಪಾಗಿ ಕೂರುವ ಐದು ತಟ್ಟೆ ನೆನಪಿದೆ ಅಲ್ವಾ? ಶಿಕ್ಷಕರು ಪೂರ್ತಿ ಜೊತೆಗಿದ್ದು ಕಲಿಸುವವರು, ಅರ್ಧ ನೆರವು ಬೇಕಾದವರು, ಗೆಳೆಯರಿಂದ ಪೂರ್ತಿ ನೆರವು ಪಡೆಯುವವರು, ಗೆಳೆಯರಿಂದ ಸ್ವಲ್ಪವೇ ನೆರವು ಬೇಕಾದವರು, ತಾವೇ ಕಲಿಯುವವರು. ಈ ಕ್ರಮವನ್ನು ನಾಲ್ಕು-ಐದಕ್ಕೂ ಒಯ್ಯಿರಿ. ಐದು ಬೇಡ, ಮೂರು ಸಾಕು: ನಿಮ್ಮ ಜೊತೆ ಒಂದು ಗುಂಪು, ಜೋಡಿಯಾಗಿ ಮಾಡುವವರದು ಒಂದು, ಒಬ್ಬೊಬ್ಬರೇ ಮಾಡುವವರದು ಒಂದು.

ಒಂದು ಮಾತು ಮರೆಯಬೇಡಿ. ತಟ್ಟೆ ಬದಲಾಗುತ್ತಲೇ ಇರಬೇಕು. ಇವತ್ತು ಭಾಗಾಕಾರಕ್ಕೆ ನಿಮ್ಮ ಪಕ್ಕ ಕೂತ ಮಗು ನಾಳೆ ಪರಿಸರ ಅಧ್ಯಯನಕ್ಕೆ ಒಬ್ಬನೇ ಕೆಲಸ ಮಾಡುತ್ತಿರಬೇಕು. ಜೂನ್‌ನಲ್ಲಿ ಕೂತ ಜಾಗದಲ್ಲೇ ಮಾರ್ಚ್‌ನಲ್ಲೂ ಕೂತಿದ್ದರೆ ಅದು ದಡ್ಡರ ಸಾಲು ಆಗಿಬಿಡುತ್ತದೆ. ಅದರ ಹೆಸರು ಮಕ್ಕಳಿಗೆ ನಮಗಿಂತ ಮೊದಲೇ ಗೊತ್ತಿರುತ್ತದೆ.

ಪಾಂಡವಪುರ ಮೇಡಂ

ನಿವೃತ್ತ ಸರ್ ಹೇಳಿದ್ದೆಲ್ಲ ಸರಿ. ಆದರೆ ನಾಲ್ಕು-ಐದಕ್ಕೆ ಕಾರ್ಡು ಎಲ್ಲಿದೆ ಸರ್? ನಲಿ-ಕಲಿಗೆ ಕಾರ್ಡು, ಕಾರ್ಡಿನ ಗುರುತಿನ ಚಿತ್ರ (ಲೋಗೋ), ಏಣಿ ಎಲ್ಲ ಸಿದ್ಧ ಬರುತ್ತದೆ. ನಮಗೆ ಪುಸ್ತಕ ಮಾತ್ರ. ಬಿಸಿಯೂಟ ನೋಡಬೇಕು, ಹಾಲು ಕುಡಿಸಬೇಕು, ಆನ್‌ಲೈನ್ ಎಂಟ್ರಿ ಮಾಡಬೇಕು. ಇಷ್ಟರ ಮಧ್ಯೆ ಮೂರು ಗುಂಪಿಗೆ ಮೂರು ಥರ ತಯಾರಿ ಅಂದರೆ ಯಾವಾಗ ಮಾಡುವುದು? ಪೋರ್ಷನ್ ಮುಗಿಯದಿದ್ದರೆ ಕೇಳುವವರೂ ನಮ್ಮನ್ನೇ ಕೇಳುತ್ತಾರೆ. ಬೇಸರದಿಂದ ಹೇಳುತ್ತಿಲ್ಲ. ಇದಕ್ಕೆ ಉತ್ತರ ಇಲ್ಲದಿದ್ದರೆ ಉಳಿದದ್ದೆಲ್ಲ ಕಾಗದದಲ್ಲೇ ಉಳಿಯುತ್ತದೆ.

ನಾಗಮಂಗಲ ಮಿಸ್

ಪಾಂಡವಪುರ ಮೇಡಂ, ನನಗೂ ಇದೇ ಭಯ ಇತ್ತು. ಮೂರು ಪಾಠ ತಯಾರು ಮಾಡಬೇಕು ಅಂದುಕೊಂಡರೆ ಖಂಡಿತ ಆಗುವುದಿಲ್ಲ. ಪಾಠ ಒಂದೇ ಇರಲಿ. ಕೆಲಸವನ್ನು ಮಾತ್ರ ಮೂರು ಥರ ಕೊಡಿ. ನಾನು ಗುಣಾಕಾರಕ್ಕೆ ಮಾಡಿದ್ದನ್ನು ಪೂರ್ತಿ ಬರೆಯುತ್ತೇನೆ.

ಮೊದಲ ಹತ್ತು ನಿಮಿಷ ಎಲ್ಲರೂ ಒಟ್ಟಿಗೆ. ಆಲೆಮನೆಯ ಮಾತು ತೆಗೆದೆ. ಅಚ್ಚು ಬೆಲ್ಲ ಹೇಗೆ ಹುಯ್ಯುತ್ತಾರೆ, ಹಲಗೆಯಲ್ಲಿ ಒಂದು ಸಾಲಿಗೆ ಎಷ್ಟು ಗುಳಿ ಇರುತ್ತದೆ ಅಂತ ಮಕ್ಕಳೇ ಹೇಳಿದರು. ಇದರಲ್ಲಿ ಎಲ್ಲರೂ ಮಾತಾಡುತ್ತಾರೆ, ಓದಲು ಬಾರದವರೂ. ಆಮೇಲೆ ಬೋರ್ಡಿನ ಮೇಲೆ ಒಂದೇ ಲೆಕ್ಕ ಬರೆದೆ: ಒಂದು ಸಾಲಿಗೆ 12 ಅಚ್ಚು, ಅಂಥ 15 ಸಾಲು.

ಮೊದಲನೇ ಗುಂಪಿಗೆ ಹುಣಸೆ ಬೀಜ ಕೊಟ್ಟೆ. ನಾಲ್ಕು ನಾಲ್ಕರಂತೆ ಮೂರು ಸಾಲು ಜೋಡಿಸಿ, ಎಣಿಸಿ. ಆಮೇಲೆ ಐದೈದರಂತೆ ನಾಲ್ಕು ಸಾಲು. ಸಾಲನ್ನು ಪಕ್ಕಕ್ಕೆ ತಿರುಗಿಸಿ ನೋಡಿ, ಎಣಿಕೆ ಬದಲಾಯಿತಾ? ಗುಣಾಕಾರ ಅಂದರೆ ಸಾಲು ಅನ್ನುವುದು ಅವರ ಕೈಗೆ ಸಿಗಬೇಕು. ನಾನು ಕೂತದ್ದು ಈ ಗುಂಪಿನ ಜೊತೆ.

ಎರಡನೇ ಗುಂಪು ಬೋರ್ಡಿನ ಲೆಕ್ಕವನ್ನು ಒಡೆದು ಮಾಡಿತು. 15 ಅಂದರೆ 10 ಮತ್ತು 5. ಹನ್ನೆರಡು ಹತ್ತಲ 120, ಹನ್ನೆರಡು ಐದಲ 60, ಸೇರಿಸಿದರೆ 180. ಇವರು ಜೋಡಿಯಾಗಿ ಮಾಡಿ, ಒಬ್ಬರದು ಇನ್ನೊಬ್ಬರು ನೋಡಬೇಕು.

ಮೂರನೇ ಗುಂಪಿಗೆ ಮುಂದಿನ ಪ್ರಶ್ನೆ. 180 ಅಚ್ಚನ್ನು ಪೆಟ್ಟಿಗೆಗೆ 24ರಂತೆ ತುಂಬಿದರೆ ಎಷ್ಟು ಪೆಟ್ಟಿಗೆ, ಎಷ್ಟು ಉಳಿಯುತ್ತದೆ? ಏಳು ಪೆಟ್ಟಿಗೆ, 12 ಅಚ್ಚು ಉಳಿಯಿತು. ಉಳಿದದ್ದನ್ನು ಏನು ಮಾಡುತ್ತೀರಿ ಅಂತ ಕೇಳಿದಾಗ ಒಬ್ಬಳು 'ಇನ್ನೊಂದು ಪೆಟ್ಟಿಗೆಗೆ ಅರ್ಧ ಆಯಿತು ಮಿಸ್' ಅಂದಳು. ಭಿನ್ನರಾಶಿಗೆ ಬಾಗಿಲು ಅಲ್ಲೇ ತೆರೆಯಿತು.

ಕೊನೆಯ ಐದು ನಿಮಿಷ ಮತ್ತೆ ಎಲ್ಲರೂ ಒಟ್ಟಿಗೆ. ಬೀಜ ಜೋಡಿಸಿದ ಗುಂಪು ಮೊದಲು ತೋರಿಸುತ್ತದೆ. ಇದನ್ನು ನಾನು ಬೇಕೆಂದೇ ಮಾಡುತ್ತೇನೆ. ಅವರು ನೆಲದ ಮೇಲೆ ತೋರಿಸಿದ್ದರ ಮೇಲೇ ಉಳಿದವರ ಲೆಕ್ಕ ನಿಂತಿದೆ ಅನ್ನುವುದು ಕ್ಲಾಸಿಗೆಲ್ಲ ಕಾಣಬೇಕು.

ತಯಾರಿ ಎಷ್ಟು ಆಯಿತು? ಒಂದು ಡಬ್ಬ ಹುಣಸೆ ಬೀಜ, ಮೂರು ಚೀಟಿ. ಚೀಟಿಯನ್ನು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಇಟ್ಟುಕೊಂಡರೆ ಮುಂದಿನ ವರ್ಷಕ್ಕೂ ಬರುತ್ತದೆ.

ಕುವೆಂಪುನಗರದ ಒಬ್ಬ ತಾಯಿ

ನಾನು ಶಿಕ್ಷಕಿ ಅಲ್ಲ. ಮೈಸೂರಿನ ಒಂದು ಖಾಸಗಿ ಶಾಲೆಯಲ್ಲಿ ಆರನೇ ತರಗತಿ ಓದುವ ಹುಡುಗನ ತಾಯಿ. ಇಲ್ಲಿ ಬರೆಯಬಹುದು ಅಂದುಕೊಂಡಿದ್ದೇನೆ.

ನನ್ನ ಮಗ ಮಾತಿನಲ್ಲಿ ಬಹಳ ಚುರುಕು. ಮೃಗಾಲಯಕ್ಕೆ ಹೋದರೆ ಪ್ರತಿ ಪ್ರಾಣಿಯ ಬಗ್ಗೆ ಹೇಳುತ್ತಾನೆ. ಪುಸ್ತಕ ಹಿಡಿದರೆ ಸಾಲು ತಪ್ಪುತ್ತದೆ. ದೀರ್ಘ ಬಿಡುತ್ತಾನೆ, ಒತ್ತು ಬಿಡುತ್ತಾನೆ, ಇಂಗ್ಲಿಷಿನಲ್ಲಂತೂ ಪದವನ್ನು ಊಹೆ ಮಾಡಿ ಓದುತ್ತಾನೆ. ಮೂರನೇ ತರಗತಿಯಿಂದ ಪ್ರತಿ ಪೇರೆಂಟ್ಸ್ ಮೀಟಿಂಗ್‌ನಲ್ಲೂ ಒಂದೇ ಮಾತು: ಸೋಮಾರಿ, ಗಮನ ಇಲ್ಲ, ಮನೆಯಲ್ಲಿ ಓದಿಸಿ. ಮನೆಯಲ್ಲಿ ಓದಿಸಿ ಓದಿಸಿ ಅವನು ಅಳುವುದು, ನಾನು ಅಳುವುದು.

ಕೊನೆಗೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆವು. ಕಿವಿ ನೋಡಿದರು, ಮಾತು ನೋಡಿದರು, ಓದು ಬರಹ ನೋಡಿದರು. ಬುದ್ಧಿಗೆ ಏನೂ ಕಡಿಮೆ ಇಲ್ಲ, ಓದು-ಬರಹಕ್ಕೆ ಸಂಬಂಧಿಸಿದ ನಿರ್ದಿಷ್ಟ ಕಲಿಕಾ ತೊಂದರೆ ಇದೆ ಅಂದರು. ಆ ಕಾಗದ ತೆಗೆದುಕೊಂಡು ಶಾಲೆಗೆ ಹೋದರೆ ಬೇರೆ ಶಾಲೆ ನೋಡಿಕೊಳ್ಳಿ ಅನ್ನುವ ಧಾಟಿಯಲ್ಲಿ ಮಾತಾಡಿದರು. ಅವತ್ತು ಆದ ನೋವು ಇವತ್ತಿಗೂ ಹೋಗಿಲ್ಲ.

ಆದರೆ ಅದೇ ಶಾಲೆಯ ಸಮಾಜ ವಿಜ್ಞಾನದ ಟೀಚರ್ ಒಬ್ಬರು ಯಾರನ್ನೂ ಕೇಳದೆ ತಮ್ಮ ಪೀರಿಯಡ್‌ನಲ್ಲಿ ನಾಲ್ಕು ಬದಲಾವಣೆ ಮಾಡಿದರು. ಎಲ್ಲರ ಮುಂದೆ ಎದ್ದು ನಿಂತು ಓದು ಅನ್ನುವುದನ್ನು ನಿಲ್ಲಿಸಿದರು. ಓದಿಸಲೇಬೇಕಾದರೆ ಹಿಂದಿನ ದಿನವೇ ಯಾವ ಪ್ಯಾರಾ ಅಂತ ಹೇಳುತ್ತಾರೆ, ಅವನು ತಯಾರಾಗಿ ಬರುತ್ತಾನೆ. ನೋಟ್ಸ್ ಬೋರ್ಡಿನಿಂದ ಇಳಿಸಿಕೊಳ್ಳುವ ಬದಲು ಜೆರಾಕ್ಸ್ ಕೊಡುತ್ತಾರೆ. ಕಿರು ಪರೀಕ್ಷೆಯಲ್ಲಿ ಪ್ರಶ್ನೆ ಓದಿ ಹೇಳಿ, ಉತ್ತರ ಬಾಯಲ್ಲಿ ಕೇಳುತ್ತಾರೆ. ಆ ವಿಷಯದಲ್ಲಿ ಅವನು ಈಗ ಕ್ಲಾಸಿನ ಮೊದಲ ಐದರಲ್ಲಿ ಇದ್ದಾನೆ. ಅದೇ ಮಗು, ಅದೇ ಪುಸ್ತಕ.

ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ. ಸೋಮಾರಿ ಅನ್ನುವ ಮೊದಲು ಒಂದು ಸಲ ಆ ಮಗುವಿನ ಹತ್ತಿರ ಅದೇ ಪ್ರಶ್ನೆಯನ್ನು ಬಾಯಲ್ಲಿ ಕೇಳಿ ನೋಡಿ.

ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕಿ, ಮಂಡ್ಯ ಜಿಲ್ಲೆ

ಅಮ್ಮಾ, ನಿಮ್ಮ ಬರಹ ಓದಿ ಕಣ್ಣು ತುಂಬಿತು. ಒಂದು ಮಾತು ನಿಮಗೆ ಗೊತ್ತಿರಲಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ವಿಧದ ನ್ಯೂನತೆಗಳಿವೆ, ನಿರ್ದಿಷ್ಟ ಕಲಿಕಾ ನ್ಯೂನತೆಯೂ ಅದರಲ್ಲಿ ಒಂದು. ಅದೇ ಕಾಯ್ದೆಯ 16ನೇ ಕಲಂ ಪ್ರಕಾರ ಮಗುವಿಗೆ ಇಂಥ ತೊಂದರೆ ಇದ್ದರೆ ಬೇಗ ಪತ್ತೆ ಹಚ್ಚಿ ಕಲಿಸುವ ರೀತಿ ಬದಲಿಸಿಕೊಳ್ಳುವುದು ಶಾಲೆಯ ಕೆಲಸ. ಸರ್ಕಾರದ ಮಾನ್ಯತೆ ಪಡೆದ ಖಾಸಗಿ ಶಾಲೆಗಳಿಗೂ ಇದು ಅನ್ವಯ ಆಗುತ್ತದೆ. ಬೇರೆ ಶಾಲೆ ನೋಡಿಕೊಳ್ಳಿ ಅನ್ನುವ ಹಾಗಿಲ್ಲ. ಲಿಖಿತವಾಗಿ ಮನವಿ ಕೊಡಿ, ಒಂದು ಪ್ರತಿಗೆ ಸ್ವೀಕೃತಿ ಹಾಕಿಸಿಕೊಳ್ಳಿ. ಹತ್ತನೇ ತರಗತಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಇಂಥ ಸೌಲಭ್ಯಕ್ಕೆ ದಾಖಲೆ ಬೇಕಾಗುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಓಡಾಡುವ ಬದಲು ಎಂಟನೇ ತರಗತಿಯಿಂದಲೇ ಕಾಗದ ಜೋಡಿಸಿಕೊಳ್ಳಿ.

ಮದ್ದೂರು ಸರ್, ನಿಮ್ಮ ಎಮ್ಮೆ ಓದುವ ಹುಡುಗನ ಬಗ್ಗೆ. ಮೊದಲು ಕಣ್ಣು, ಕಿವಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬರುತ್ತದೆ. 2013ರಿಂದ ನಡೆಯುತ್ತಿರುವ ಕಾರ್ಯಕ್ರಮ. ಅವರು ಬಂದ ದಿನ ಈ ಹುಡುಗನನ್ನು ತಪ್ಪದೆ ಮುಂದೆ ನಿಲ್ಲಿಸಿ. ಬೋರ್ಡು ಸರಿಯಾಗಿ ಕಾಣದ ಮಗು ಎಷ್ಟೋ ವರ್ಷ ದಡ್ಡ ಅನ್ನಿಸಿಕೊಂಡು ಕೂತಿರುವುದನ್ನು ನಾನು ನೋಡಿದ್ದೇನೆ. ಕನ್ನಡಕ ಬಂದ ಮೇಲೆ ಆ ಮಗುವಿನ ಕಥೆಯೇ ಬೇರೆಯಾಯಿತು.

ಕಣ್ಣು ಕಿವಿ ಸರಿ ಇದ್ದರೂ ಗಾಬರಿ ಬೇಡ. ಕನ್ನಡ ಓದುವುದು ಕಲಿಯಲು ಕಾಲ ಬೇಕು. ಮೂಲ ಅಕ್ಷರ ಐವತ್ತರ ಹತ್ತಿರ, ಅದಕ್ಕೆ ಕಾಗುಣಿತ, ಅದರ ಮೇಲೆ ಒತ್ತು. ಕಣ್ಣಿಗೆ ಬೀಳುವ ಆಕಾರಗಳು ನೂರಾರು. ಸಂಶೋಧಕಿ ಸೊನಾಲಿ ನಾಗ್ ಅವರು ಕನ್ನಡ ಕಲಿಯುವ ಮಕ್ಕಳ ಮೇಲೆ ಮಾಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿತು. ನಾಲ್ಕನೇ ತರಗತಿಯಲ್ಲೂ ಎಷ್ಟೋ ಮಕ್ಕಳಿಗೆ ಅಕ್ಷರಗಳು ಪೂರ್ತಿ ಕೈವಶ ಆಗಿರುವುದಿಲ್ಲ. ಹಾಗಾಗಿ ನಾಲ್ಕನೇ ತರಗತಿಗೆ ಓದು ಕಲಿಸುವುದನ್ನು ನಿಲ್ಲಿಸುವುದು ತಪ್ಪು.

ಒತ್ತಕ್ಷರಕ್ಕೆ ಹೀಗೆ ಮಾಡಿ ನೋಡಿ. ಅವನ ಬಾಯಲ್ಲಿ ದಿನವೂ ಬರುವ ಪದಗಳನ್ನೇ ತೆಗೆದುಕೊಳ್ಳಿ: ಎಮ್ಮೆ, ಹಗ್ಗ, ಕಬ್ಬು, ಬೆಲ್ಲ, ಗದ್ದೆ. ಎಲ್ಲವೂ ಸಜಾತಿ ಒತ್ತು. 'ಎಮ್' ಅಂತ ಒಂದು ಚಪ್ಪಾಳೆ, 'ಮೆ' ಅಂತ ಒಂದು ಚಪ್ಪಾಳೆ. ಕಿವಿಗೆ ಎರಡು 'ಮ' ಕೇಳಿದ ಮೇಲೆ ಕೆಳಗಿನ ಒತ್ತನ್ನು ಬೇರೆ ಬಣ್ಣದ ಸೀಮೆಸುಣ್ಣದಲ್ಲಿ ಬರೆಯಿರಿ. ಇವು ಗಟ್ಟಿಯಾದ ಮೇಲೆ ಅಕ್ಷರ, ಪುಸ್ತಕ, ರಸ್ತೆ ಥರದ ವಿಜಾತಿ ಒತ್ತಿಗೆ ಹೋಗಿ. ಎರಡನ್ನೂ ಒಟ್ಟಿಗೆ ಸುರಿಯಬೇಡಿ.

ಇನ್ನೊಂದು ಎಚ್ಚರ. ನಮ್ಮ ಕಡೆ ಮಕ್ಕಳು ಹಾಲನ್ನು 'ಆಲು', ಹಸುವನ್ನು 'ಅಸು' ಅಂತ ಬರೆಯುತ್ತಾರೆ. ಅದು ಕಲಿಕಾ ತೊಂದರೆ ಅಲ್ಲ. ಮನೆಯಲ್ಲಿ ಹಾಗೇ ಮಾತಾಡುತ್ತಾರೆ, ಕೇಳಿದ್ದನ್ನು ಸರಿಯಾಗಿಯೇ ಬರೆದಿದ್ದಾರೆ. ಅವರ ಮಾತನ್ನು ಹಂಗಿಸದೆ, ಪುಸ್ತಕದಲ್ಲಿ ಹೀಗೆ ಬರೆಯುತ್ತೇವೆ ಅಂತ ಹೇಳಿಕೊಟ್ಟರೆ ಸಾಕು.

ವಿದ್ಯಾನಗರದ ಅಪ್ಪ, ಮಂಡ್ಯ

ಎಲ್ಲರೂ ಹಿಂದುಳಿದ ಮಕ್ಕಳ ಬಗ್ಗೆಯೇ ಬರೆಯುತ್ತಿದ್ದೀರಿ. ತಪ್ಪಲ್ಲ. ಆದರೆ ನನ್ನ ಮಗಳು ಬೇಗ ಮುಗಿಸಿಬಿಡುತ್ತಾಳೆ. ಮುಗಿಸಿದ ಕೂಡಲೇ 'ಅವರಿಗೆ ಹೇಳಿಕೊಡು ಹೋಗು' ಅಂತಾರೆ. ದಿನವೂ ಇದೇ. ಅವಳು ಹೊಸದಾಗಿ ಏನು ಕಲಿತಳು? ಮನೆಗೆ ಬಂದು 'ನಾನು ಬೇಗ ಮಾಡಲ್ಲ ಅಪ್ಪಾ, ನಿಧಾನಕ್ಕೆ ಮಾಡ್ತೀನಿ' ಅಂದಳು. ಇದಕ್ಕೆ ಏನು ಹೇಳುತ್ತೀರಿ?

ಕೋಟೆ ಕಡೆಯ ನಿವೃತ್ತ ಶಿಕ್ಷಕ

ನಿಮ್ಮ ಮಾತು ನೂರಕ್ಕೆ ನೂರು ನಿಜ. ಇನ್ನೊಬ್ಬರಿಗೆ ಹೇಳಿಕೊಟ್ಟರೆ ತನಗೂ ಗಟ್ಟಿಯಾಗುತ್ತದೆ. ಆದರೆ ದಿನವೂ ಅದೇ ಮಗುವಿನ ಕೈಯಲ್ಲಿ ಅದೇ ಕೆಲಸ ಮಾಡಿಸಿದರೆ ಅದು ಕಲಿಕೆ ಅಲ್ಲ, ನಮ್ಮ ಕೆಲಸವನ್ನು ಅದರ ಹೆಗಲಿಗೆ ಹಾಕಿದ ಹಾಗೆ. ಸರದಿ ಇರಬೇಕು. ನಿಧಾನದ ಮಗುವೂ ತನಗೆ ಬಂದದ್ದನ್ನು ಬೇರೆಯವರಿಗೆ ತೋರಿಸಬೇಕು. ರಂಗೋಲಿಯ ಚುಕ್ಕಿ ಲೆಕ್ಕ, ಬಿದಿರು ನೇಯುವುದು, ಬಿತ್ತನೆಯ ಕಾಲ, ಇಂಥದ್ದರಲ್ಲಿ ಅವರೇ ಗುರುಗಳು.

ಬೇಗ ಮುಗಿಸುವ ಮಗುವಿಗೆ ಅದೇ ಥರದ ಇನ್ನೂ ಹತ್ತು ಲೆಕ್ಕ ಕೊಡುವುದೂ ತಪ್ಪು. ಅದು ಶಿಕ್ಷೆ ಅನ್ನಿಸುತ್ತದೆ. ಆಳದ ಕೆಲಸ ಕೊಡಿ. ಬೆಲ್ಲದ ಲೆಕ್ಕವನ್ನು ನೀನೇ ಹೊಸದಾಗಿ ಕಟ್ಟಿ ತಾ, ಉತ್ತರ 180 ಬರಬೇಕು ಅನ್ನಿ. ಅದಕ್ಕೆ ಎಷ್ಟೋ ದಾರಿ ಇದೆ. ನಿಮ್ಮ ಮಗಳ ಶಿಕ್ಷಕರಿಗೆ ಇದನ್ನು ಸಮಾಧಾನವಾಗಿ ಹೇಳಿ, ಖಂಡಿತ ಕೇಳುತ್ತಾರೆ.

ಶ್ರೀರಂಗಪಟ್ಟಣ ಹೈಸ್ಕೂಲ್ ಗಣಿತ

ಹೈಸ್ಕೂಲಿನವರ ಕಷ್ಟವನ್ನೂ ಹೇಳುತ್ತೇನೆ. ಒಂಬತ್ತನೇ ತರಗತಿಗೆ ಬಂದವರಲ್ಲಿ ಕೆಲವರಿಗೆ ಭಾಗಾಕಾರ ಗಟ್ಟಿ ಇಲ್ಲ, ನಾನು ಬಹುಪದೋಕ್ತಿ ಮಾಡಬೇಕು. ಪಾಂಡವಪುರ ಮೇಡಂ ಹೇಳಿದ ಪೋರ್ಷನ್ ಭಯ ನಮಗೆ ಇನ್ನೂ ಜಾಸ್ತಿ.

ಆ ಭಯಕ್ಕೆ ನನಗೆ ಧೈರ್ಯ ಕೊಟ್ಟದ್ದು 2009ರ ಶಿಕ್ಷಣ ಹಕ್ಕು ಕಾಯ್ದೆ. ಎಂಟನೇ ತರಗತಿವರೆಗಿನ ಶಿಕ್ಷಕರ ಕರ್ತವ್ಯ ಹೇಳುವ 24ನೇ ಕಲಂ ಓದಿ ನೋಡಿ. ಪಠ್ಯಕ್ರಮವನ್ನು ಕಾಲಕ್ಕೆ ಸರಿಯಾಗಿ ಮುಗಿಸಬೇಕು ಅಂತ ಇದೆ. ಅದರ ಮರು ಸಾಲಿನಲ್ಲೇ ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯ ಅಳೆದು ಬೇಕಾದ ಹೆಚ್ಚುವರಿ ಬೋಧನೆ ಮಾಡಬೇಕು ಅಂತಲೂ ಇದೆ. ನಮ್ಮನ್ನು ಕೇಳುವವರು ಮೊದಲ ಸಾಲನ್ನು ಮಾತ್ರ ಕೇಳುತ್ತಾರೆ. ಎರಡನೇ ಸಾಲಿಗೂ ನಾವು ಉತ್ತರ ಕೊಡಬೇಕಾದವರೇ. ಪಾಠದ ಟಿಪ್ಪಣಿಯಲ್ಲಿ ಯಾವ ಗುಂಪಿಗೆ ಏನು ಕೊಟ್ಟೆ ಅಂತ ಬರೆದಿಟ್ಟರೆ ಯಾವ ಅಧಿಕಾರಿ ಬಂದರೂ ತೋರಿಸಬಹುದು.

ನನ್ನ ಕ್ಲಾಸಿನಲ್ಲಿ ನಡೆಯುವುದು ಹೀಗೆ. ಪೀರಿಯಡ್ ಮುಗಿಯುವ ಮುಂಚೆ ಐದು ನಿಮಿಷ ಒಂದು ಲೆಕ್ಕ, ಕೈ ಅಗಲದ ಚೀಟಿಯಲ್ಲಿ. ಸಮೀಕರಣ ಮಾಡಿದ ದಿನ 2x + 5 = 17 ಕೊಟ್ಟೆ. ಅಂಕ ಇಲ್ಲ, ಕೆಂಪು ಶಾಯಿ ಇಲ್ಲ. ಸ್ಟಾಫ್ ರೂಮಿನಲ್ಲಿ ಟೀ ಕುಡಿಯುವಷ್ಟರಲ್ಲಿ ಮೂರು ಕಟ್ಟು ಮಾಡುತ್ತೇನೆ. ಸರಿಯಾಗಿ 6 ತಂದವರು ಒಂದು ಕಟ್ಟು. 5ನ್ನು ಕಳೆಯುವ ಬದಲು ಕೂಡಿಸಿ 11 ತಂದವರು ಒಂದು. ಏನೂ ಬರೆಯದವರು ಒಂದು. ಎರಡನೇ ಕಟ್ಟಿನವರಿಗೆ ಹತ್ತು ನಿಮಿಷ ಸಾಕು, ಚಿಹ್ನೆ ಯಾಕೆ ಬದಲಾಗುತ್ತದೆ ಅಂತ ತಕ್ಕಡಿ ತೋರಿಸಿ ಹೇಳಿದರೆ ಆಯಿತು. ಮೂರನೇ ಕಟ್ಟಿನವರ ಜೊತೆ ಮರುದಿನ ಕೂರುತ್ತೇನೆ. ಉಳಿದವರು ಆಗ ಅಭ್ಯಾಸದ ಲೆಕ್ಕ ಮಾಡುತ್ತಾರೆ.

ಬೋರ್ಡಿನ ಮೇಲೆ ಬರೆಯುವ ಲೆಕ್ಕಗಳೂ ಸುಲಭದಿಂದ ಕಷ್ಟದ ಕಡೆ ಹೋಗುತ್ತವೆ. ಮೊದಲ ಎರಡು ಎಲ್ಲರಿಗೂ, ಆಮೇಲಿನದು ಅವರವರ ಆಯ್ಕೆ. ಯಾವ ಮಗು ಯಾವುದನ್ನು ಆರಿಸಿತು ಅಂತ ನೋಡುತ್ತಿರುತ್ತೇನೆ. ಸದಾ ಸುಲಭದ್ದನ್ನೇ ಆರಿಸುವ ಮಗುವಿನ ಪಕ್ಕ ಹೋಗಿ 'ಇದು ನಿನಗೆ ಬರುತ್ತೆ, ನೋಡು' ಅನ್ನಬೇಕು.

ಎಸ್ಸೆಸ್ಸೆಲ್ಸಿ ಗಣಿತದಲ್ಲಿ 80 ಅಂಕ ಲಿಖಿತ, 20 ಆಂತರಿಕ. ಆ 20ನ್ನು ಎಲ್ಲರಿಗೂ ಒಂದೇ ಪ್ರಾಜೆಕ್ಟ್ ಬರೆಸಿ ಕಳೆಯಬೇಡಿ. ಒಬ್ಬ ತೋಟದ ಅಳತೆ ಮಾಡಿ ತರಲಿ, ಒಬ್ಬಳು ಮಾದರಿ ಮಾಡಲಿ, ಒಬ್ಬ ಬಾಯಲ್ಲಿ ವಿವರಿಸಲಿ. ಬರೆಯಲು ಕಷ್ಟ ಪಡುವ ಮಗುವಿಗೆ ತನಗೆ ಗೊತ್ತಿರುವುದನ್ನು ತೋರಿಸಲು ಇರುವ ಜಾಗ ಅದು.

ಪಾಂಡವಪುರ ಮೇಡಂ

24ನೇ ಕಲಂ ಹೀಗಿದೆ ಅಂತ ನನಗೆ ಯಾರೂ ಹೇಳಿರಲಿಲ್ಲ ಸರ್. ಮುಂದಿನ ಸಮಾಲೋಚನಾ ಸಭೆಯಲ್ಲಿ ಖಂಡಿತ ಎತ್ತುತ್ತೇನೆ. ಐದು ನಿಮಿಷದ ಚೀಟಿ ನಾನೂ ಶುರು ಮಾಡುತ್ತೇನೆ, ಇದಕ್ಕೆ ತಯಾರಿ ಏನೂ ಬೇಡ.

ಮದ್ದೂರು ಮೇಷ್ಟ್ರು

ಎಲ್ಲರಿಗೂ ಕೈ ಮುಗಿಯುತ್ತೇನೆ. ಇಲ್ಲಿ ಓದಿದ್ದನ್ನು ಇಟ್ಟುಕೊಂಡು ಶುರು ಮಾಡಿದ್ದೇನೆ. ಆದದ್ದನ್ನು ಬರೆಯುತ್ತೇನೆ.

ಮೂರು ತಟ್ಟೆಗೂ ಹೊಂದುವ ಒಂದು ವಿಷಯ ಹುಡುಕುತ್ತಿದ್ದೆ. ಮಳೆಗಾಲ, ಊರಲ್ಲಿ ಎಲ್ಲರ ಬಾಯಲ್ಲೂ ಕಟ್ಟೆ ನೀರಿನ ಮಾತು. ಕೆ.ಆರ್.ಎಸ್. ಮಟ್ಟ ಪೇಪರಿನಲ್ಲಿ ದಿನವೂ ಬರುತ್ತದೆ. ಗರಿಷ್ಠ ಮಟ್ಟ 124.80 ಅಡಿ ಅಂತ ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದನ್ನೇ ಪಾಠ ಮಾಡಿದೆ.

ಗೋಡೆಯ ಮೇಲೆ ಒಂದು ಉದ್ದ ಪಟ್ಟಿ ಬರೆದೆವು, ಕೆಳಗೆ 80, ಮೇಲೆ 125. ಬೆಳಿಗ್ಗೆ ಒಬ್ಬರು ಅಂದಿನ ಮಟ್ಟವನ್ನು ಗುರುತು ಹಾಕಬೇಕು. ಮೊದಲ ಗುಂಪು ನಿನ್ನೆಗಿಂತ ಜಾಸ್ತಿಯೋ ಕಡಿಮೆಯೋ ನೋಡಿ, 'ನೀರು', 'ಕಟ್ಟೆ', 'ಅಡಿ' ಥರದ ಪದಗಳನ್ನು ಓದಿ ಬರೆಯುತ್ತದೆ. ಎರಡನೇ ಗುಂಪು ಕಳೆಯುತ್ತದೆ. ನಿನ್ನೆ 98.40, ಇವತ್ತು 101.15, ಎಷ್ಟು ಏರಿತು? ತುಂಬಲು ಇನ್ನೆಷ್ಟು ಬೇಕು? ಪೇಪರ್ ಓದುವ ಹುಡುಗಿಯ ಗುಂಪಿಗೆ ಬರೆಯುವ ಕೆಲಸ: ಕಟ್ಟೆ ಕೆಲಸ 1911ರಲ್ಲಿ ಶುರುವಾಗಿ ಮುಗಿದದ್ದು 1932ರಲ್ಲಿ, ವಿಶ್ವೇಶ್ವರಯ್ಯ ನಾಲೆ ಬರುವ ಮುಂಚೆ ನಮ್ಮೂರಲ್ಲಿ ಏನು ಬೆಳೆಯುತ್ತಿದ್ದರು ಅಂತ ಮನೆಯ ಹಿರಿಯರನ್ನು ಕೇಳಿ ಬರೆದು ತನ್ನಿ. ಅವಳು ಅಜ್ಜಿಯಿಂದ ರಾಗಿ, ಹುರುಳಿ, ಸಜ್ಜೆ ಅಂತ ಪಟ್ಟಿ ತಂದಳು. ಅಜ್ಜಿಗೆ ಅವರ ಅತ್ತೆ ಹೇಳಿದ್ದಂತೆ.

ದಶಾಂಶ ಕಳೆಯುವುದರಲ್ಲಿ ಎಮ್ಮೆ ಹುಡುಗ ಎಲ್ಲರಿಗಿಂತ ಮುಂದೆ. ಡೈರಿಯ ಫ್ಯಾಟ್ ಲೆಕ್ಕದಿಂದ ಅವನಿಗೆ ದಶಾಂಶ ನೀರು ಕುಡಿದ ಹಾಗೆ. ಓದುವಾಗ ನನ್ನ ಪಕ್ಕ ಕೂರುತ್ತಾನೆ, ಲೆಕ್ಕಕ್ಕೆ ಎದ್ದು ಎರಡನೇ ಗುಂಪಿಗೆ ಹೋಗುತ್ತಾನೆ. ಹಾಗೆ ಎದ್ದು ಹೋಗುವುದನ್ನು ಉಳಿದ ಮಕ್ಕಳು ನೋಡಿದರಲ್ಲ, ಅದರಿಂದ ಕೋಣೆಯ ಗಾಳಿಯೇ ಬದಲಾಗಿದೆ. ಒತ್ತಕ್ಷರ ಇನ್ನೂ ಪೂರ್ತಿ ಬಂದಿಲ್ಲ. ಚಪ್ಪಾಳೆ ಮಾಡಿಸುತ್ತಿದ್ದೇನೆ, ಸಜಾತಿ ಒತ್ತು ಸುಮಾರಾಗಿ ಹಿಡಿತಕ್ಕೆ ಬಂದಿದೆ.

ಆಲೆಮನೆ ಮಕ್ಕಳ ವಿಷಯ ಇನ್ನೂ ಕಷ್ಟವೇ. ಅಂಕಿ ಓದಿ ಗೋಡೆಯ ಮೇಲೆ ಗುರುತು ಹಾಕುತ್ತಾರೆ, ಲೆಕ್ಕ ಮಾಡುತ್ತಾರೆ. ಮಾತು ಬೇಕಾದ ಕಡೆ ನಿಂತುಬಿಡುತ್ತಾರೆ. ಚಿತ್ರ ಅಂಟಿಸಿ ಪಕ್ಕದಲ್ಲಿ ಅವರ ಪದ, ನಮ್ಮ ಪದ ಎರಡನ್ನೂ ಬರೆಸಿ ಒಂದು ಪುಸ್ತಕ ಮಾಡಿಸುತ್ತಿದ್ದೇನೆ. ಉಳಿದ ಮಕ್ಕಳೂ ಅದರಿಂದ ಬೆಲ್ಲಕ್ಕೆ 'ಗುಡ್', ಕಬ್ಬಿಗೆ 'ಗನ್ನಾ' ಅಂತ ಕಲಿತಿದ್ದಾರೆ. ಕಬ್ಬು ಅರೆಯುವುದು ನಿಂತರೆ ಈ ಮಕ್ಕಳು ಊರಿಗೆ ಹೊರಡಬಹುದು. ಕೋಟೆಯ ಸರ್ ಹೇಳಿದ ಹಾಗೆ, ವಾಪಸ್ ಬಂದ ದಿನ ಬಿಟ್ಟ ಕಡೆಯಿಂದ ಶುರು ಮಾಡಲು ಅವರದೊಂದು ಹಾಳೆ ಬರೆದು ಇಡಬೇಕು. ಬೇರೆ ಶಾಲೆಗೆ ಸೇರಿದರೆ ಆ ಹಾಳೆಯನ್ನು ಅವರ ಕೈಯಲ್ಲೇ ಕಳಿಸಬೇಕು.

ಹಿಂದಿ ಮಾತಾಡುವ ಮಕ್ಕಳಿಗೆ ಕನ್ನಡ ಕಲಿಸಿದ ಅನುಭವ ಇರುವವರು ಯಾರಾದರೂ ಇದ್ದೀರಾ? ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲೋ ಭಾರತೀಯ ಭಾಷಾ ಸಂಸ್ಥೆಯಲ್ಲೋ ಓದಿ ಬಂದವರು ಇದ್ದರೆ ದಯವಿಟ್ಟು ಬರೆಯಿರಿ.

ನಾಗಮಂಗಲ ಮಿಸ್

ಸರ್, ನನ್ನ ಅಕ್ಕ ಮೈಸೂರಿನ ಬನ್ನಿಮಂಟಪದ ಕಡೆ ಒಂದು ಶಾಲೆಯಲ್ಲಿ ಇದ್ದಾರೆ. ಅವರ ಕ್ಲಾಸಿನಲ್ಲಿ ಉರ್ದು, ಹಿಂದಿ ಮನೆಮಾತಿನ ಮಕ್ಕಳೇ ಜಾಸ್ತಿ. ಮೊದಲ ತಿಂಗಳು ಬರಹ ಬೇಡ, ಮಾತು ಮಾತ್ರ ಅಂತಾರೆ. 'ಕೊಡು, ತಾ, ಬಾ, ಇಡು, ತೆಗೆ' ಅಂತ ಕೈಯಲ್ಲಿ ಮಾಡಿಸುತ್ತಾ ಹೇಳಿಸುವ ಆಟಗಳಿವೆ. ಅವನ್ನು ಬರೆಸಿ ಫೋಟೋ ತೆಗೆದು ಇಲ್ಲೇ ಹಾಕುತ್ತೇನೆ. ನನ್ನ ಗಣಿತದ ಚೀಟಿಗಳನ್ನೂ ಹಾಕುತ್ತೇನೆ, ನಾಲ್ಕನೇ ತರಗತಿಯದು ಪೂರ್ತಿ ಇದೆ, ಐದರದು ಭಿನ್ನರಾಶಿವರೆಗೆ. ಪಾಂಡವಪುರ ಮೇಡಂ, ಅಲ್ಲಿಂದ ಮುಂದಿನದನ್ನು ನಾವಿಬ್ಬರೂ ಹಂಚಿಕೊಂಡು ಬರೆಯೋಣವಾ?

ಪಾಂಡವಪುರ ಮೇಡಂ

ಆಗಲಿ ಮಿಸ್. ದಶಾಂಶ ಮತ್ತು ಅಳತೆ ನನಗಿರಲಿ.